ಪುನರಾಗಮನ

ಸಾಂಖಳಿಯ ಪೇಟೆಯಲ್ಲಿ ಕೊಂಕಣಿ, ಮರಾಠಿಗಳ ನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ. ಗಣಪತಿಯ ವಿಸರ್ಜನೆಯ ಹೊತ್ತಿನಲ್ಲಿ ಈ ಮೂರೂ ಮನೆಮಾತಿನವರು ಕೇಳುವ ಸಂಸ್ಕೃತ ಪದವೊಂದಿದೆ: ಪುನರಾಗಮನ. ಇಂದು ಹೋಗುವ ದೇವರು ಮುಂದಿನ ವರ್ಷ ಹಾಗೆಯೇ ಮರಳಿ ಬರಲಿ ಎಂಬ ಹಾರೈಕೆ ಅದರಲ್ಲಿದೆ. ಗಾಯದಿಂದ ಚೇತರಿಸಿಕೊಂಡು ಕಣಕ್ಕೆ ಮರಳುವ ಆಟಗಾರರಿಗೂ ಪತ್ರಿಕೆಗಳು ಇದೇ ಪದವನ್ನು ಬಳಸುತ್ತವೆ. ದೇವರಿಗೆ ಒಪ್ಪುವ ಪದ ದೇಹಕ್ಕೂ ಒಪ್ಪುವುದೇ ಎಂಬುದು ಕೇಳಬೇಕಾದ ಪ್ರಶ್ನೆ.

ಕೆಲವೊಮ್ಮೆ ಒಪ್ಪುತ್ತದೆ. ಗೋವಾ ಮೂಲದ ಲಿಯಾಂಡರ್ ಪೇಸ್ 2003ರಲ್ಲಿ ಮೆದುಳಿನ ಸೋಂಕಿಗೆ ಒಳಗಾಗಿ ಆಸ್ಪತ್ರೆ ಸೇರಿದರು. ಮರುವರ್ಷ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮಹೇಶ್ ಭೂಪತಿಯವರೊಡನೆ ಕಂಚಿನ ಪದಕದ ಪಂದ್ಯದವರೆಗೂ ಆಡಿದರು. ರೋಗ ಹೋಯಿತು, ಆಟಗಾರ ಮರಳಿದ. ಕೊಡಗಿನ ರೋಹನ್ ಬೋಪಣ್ಣನವರ ಸಂಗತಿ ಬೇರೆ. ಅವರಿಂದ ಹೋದದ್ದು ಮರಳಿ ಬರುವಂಥದ್ದಾಗಿರಲಿಲ್ಲ.

ಹೋದದ್ದು ಮೊಣಕಾಲಿನ ಮೃದ್ವಸ್ಥಿ. ಎರಡು ಮೂಳೆಗಳು ಒಂದನ್ನೊಂದು ಉಜ್ಜದಂತೆ ತಡೆಯುವ ನುಣುಪಾದ ಹೊದಿಕೆ ಅದು. ಅದಕ್ಕೆ ರಕ್ತನಾಳಗಳಿಲ್ಲ. ಆದ್ದರಿಂದ ಚರ್ಮದ ಗಾಯ ಮಾಯುವಂತೆ, ಮುರಿದ ಮೂಳೆ ಕೂಡುವಂತೆ ಅದು ತಾನಾಗಿ ಸರಿಹೋಗುವುದಿಲ್ಲ. ಗಟ್ಟಿನೆಲದ ಅಂಕಣದಲ್ಲಿ ಎರಡು ದಶಕ ಓಡಿ, ನಿಂತು, ತಿರುಗಿದ ಮೇಲೆ ಬೋಪಣ್ಣನವರ ಮೊಣಕಾಲುಗಳಲ್ಲಿ ಆ ಹೊದಿಕೆ ಸವೆದುಹೋಗಿತ್ತು. ನೋವುನಿವಾರಕ ಮಾತ್ರೆಗಳ ಆಸರೆಯಲ್ಲಿ ದಿನಗಳು ಸಾಗುತ್ತಿದ್ದವು. 2021ರಲ್ಲಿ ಐದು ತಿಂಗಳು ಒಂದೂ ಪಂದ್ಯ ಗೆಲ್ಲಲಿಲ್ಲ. ಇನ್ನು ಸಾಕು ಎಂದು ಪತ್ನಿಗೆ ವಿಡಿಯೊ ಸಂದೇಶ ಕಳುಹಿಸಿದ್ದನ್ನು ಅವರೇ ಮುಂದೆ ಮೆಲ್ಬರ್ನಿನಲ್ಲಿ ಎಲ್ಲರೆದುರು ಹೇಳಿಕೊಂಡರು. ಆಗ ಅವರಿಗೆ ನಲವತ್ತೊಂದು. ನಿವೃತ್ತರಾಗಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ.

ಕೋವಿಡ್ ಕಾಲದಲ್ಲಿ ಅವರು ಹಿಡಿದ ದಾರಿ ಅಯ್ಯಂಗಾರ್ ಯೋಗದ್ದು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ದಾರಿಯೂ ಕನ್ನಡ ನೆಲದಿಂದಲೇ ಹೊರಟದ್ದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಬಾಲ್ಯದಲ್ಲಿ ಮಲೇರಿಯಾ, ಕ್ಷಯಗಳಿಂದ ನರಳಿದ ದುರ್ಬಲ ಹುಡುಗ. 1937ರಲ್ಲಿ ಪುಣೆಗೆ ಹೋಗಿ ಯೋಗ ಕಲಿಸತೊಡಗಿ, ಆ ಮರಾಠಿ ನಗರದಲ್ಲಿಯೇ ಬದುಕು ಕಟ್ಟಿಕೊಂಡರು. ಮರದ ಇಟ್ಟಿಗೆ, ಹಗ್ಗ, ಪಟ್ಟಿ, ಕುರ್ಚಿ, ದಿಂಬುಗಳ ಆಸರೆ ಅವರ ಪದ್ಧತಿಯ ವೈಶಿಷ್ಟ್ಯ. ನೆಲ ಮುಟ್ಟಲಾಗದ ಕೈಗೆ ಇಟ್ಟಿಗೆಯನ್ನಿಟ್ಟು ನೆಲವನ್ನೇ ಕೈಯ ಬಳಿಗೆ ತರುವುದು ಅದರ ರೀತಿ. 1979ರಲ್ಲಿ ಸ್ಕೂಟರ್ ಅಪಘಾತದಿಂದ ಸ್ವತಃ ಅಯ್ಯಂಗಾರರಿಗೇ ಬೆನ್ನು, ಭುಜಗಳು ಪೆಟ್ಟಾಗಿ, ಆಗ ಅರುವತ್ತರ ಗುರು ತನ್ನ ಆಸನಗಳನ್ನು ಮೊದಲಿನಿಂದ ಅಭ್ಯಾಸ ಮಾಡಬೇಕಾಯಿತು.

ಬೋಪಣ್ಣನವರಿಗೆ ಯೋಗ ಹೊಸ ಮೃದ್ವಸ್ಥಿಯನ್ನು ಕೊಡಲಿಲ್ಲ, ಯಾವ ಆಸನವೂ ಅದನ್ನು ಕೊಡಲಾರದು. ಇದನ್ನು ಪವಾಡವೆಂದು ಬರೆದವರು ಯೋಗಕ್ಕೂ ಆಟಕ್ಕೂ ಅನ್ಯಾಯ ಮಾಡಿದರು. ಬಲಗೊಂಡದ್ದು ಮೊಣಕಾಲಿನ ಸುತ್ತಲ ಸ್ನಾಯುಗಳು. ಕೀಲು ಹೊರಲಾರದ ಭಾರವನ್ನು ತೊಡೆ, ಸೊಂಟಗಳು ಹಂಚಿಕೊಂಡವು. ಡಬಲ್ಸ್ ಆಟವೂ ಹಂಚಿಕೆಯದ್ದೇ: ಮೂವತ್ತಾರು ಅಡಿ ಅಗಲದ ಅಂಕಣವನ್ನು ಇಬ್ಬರು ಕಾಯುತ್ತಾರೆ. ಹುಡುಗನಾಗಿದ್ದಾಗ ಕೊಡಗಿನಲ್ಲಿ ಸೌದೆ ಸೀಳಿ ಗಟ್ಟಿಮಾಡಿಕೊಂಡ ಸರ್ವ್ ಹಾಗೆಯೇ ಉಳಿದಿತ್ತು. ಓಡಲಾಗದ ಕಡೆ ಚೆಂಡು ಎಲ್ಲಿಗೆ ಬರುವುದೆಂಬ ಅನುಭವದ ಊಹೆ ಕಾಲಿನ ಕೆಲಸ ಮಾಡಿತು.

2023ರಲ್ಲಿ ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡೆನ್ ಜೊತೆಯಾಟಗಾರರಾದರು. ಆ ವರ್ಷ ಇಂಡಿಯನ್ ವೆಲ್ಸ್‌ನಲ್ಲಿ ಗೆಲುವು, ಅಮೆರಿಕನ್ ಓಪನ್ ಫೈನಲ್‌ನಲ್ಲಿ ಸೋಲು. 2024ರ ಜನವರಿ 27ರಂದು ಮೆಲ್ಬರ್ನಿನಲ್ಲಿ ಇಟಲಿಯ ಬೊಲೆಲ್ಲಿ, ವಾವಸ್ಸೋರಿ ಜೋಡಿಯನ್ನು 7-6, 7-5ರಿಂದ ಮಣಿಸಿ, ನಲವತ್ಮೂರರ ವಯಸ್ಸಿನಲ್ಲಿ ಬೋಪಣ್ಣನವರು ತಮ್ಮ ಮೊದಲ ಗ್ರ್ಯಾಂಡ್‌ಸ್ಲಾಂ ಪುರುಷರ ಡಬಲ್ಸ್ ಪ್ರಶಸ್ತಿ ಪಡೆದರು. ಒಡನೆಯೇ ಡಬಲ್ಸ್ ಶ್ರೇಯಾಂಕದಲ್ಲಿ ಮೊದಲ ಬಾರಿಗೆ ಅಗ್ರಸ್ಥಾನ. ಆ ಸ್ಥಾನಕ್ಕೆ ಅಷ್ಟು ತಡವಾಗಿ ಏರಿದವರು ಅದುವರೆಗೆ ಇರಲಿಲ್ಲ.

ಹಾಗಾದರೆ ಇದನ್ನು ಪುನರಾಗಮನ ಎನ್ನುವುದು ಹೇಗೆ? ಹಿಂದೆಂದೂ ತಲುಪದಿದ್ದ ಎಡೆಗೆ ಹೋದುದನ್ನು ಮರಳಿಕೆ ಎನ್ನಲಾಗದು. ಹಿಂದಿದ್ದ ದೇಹವೂ ಮರಳಿರಲಿಲ್ಲ. ಕನ್ನಡದ ಕ್ರೀಡಾವರದಿಗಾರರಿಗೆ ಇಲ್ಲಿ ಇನ್ನೊಂದು ಪದ ಬೇಕಿತ್ತು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಹುಡುಕಬಹುದು.

ಪ್ಯಾರಿಸ್ಸಿನಲ್ಲಿ ಕಜಕಸ್ತಾನದ ಬುಬ್ಲಿಕ್ ಜೊತೆಗೂಡಿ ಸೋತ ಪಂದ್ಯವೇ ಅವರ ಕೊನೆಯ ಪಂದ್ಯವಾಯಿತು. 2025ರ ನವೆಂಬರ್ 1ರಂದು, ಕನ್ನಡ ರಾಜ್ಯೋತ್ಸವದ ದಿನವೇ, ನಲವತ್ತೈದರ ಬೋಪಣ್ಣನವರು ನಿವೃತ್ತಿ ಪ್ರಕಟಿಸಿದರು. ಅಂದಿನ ಮಾತುಗಳಲ್ಲಿ ಕೊಡಗಿನ ಕಾಫಿತೋಟಗಳೂ ಆ ಸೌದೆಯೂ ಬಂದಿದ್ದವು.