ಸವೆದ ಥ್ರೆಡ್ಡಿಗೆ ಹೊಸ ಸುರುಳಿ

ಹಳೇ ಬೈಕಿನ ಪ್ಲಗ್ ಬಿಗಿಯಾಗದೆ ಸುಮ್ಮನೆ ತಿರುಗತೊಡಗಿದರೆ ‘ಹೆಡ್ಡೇ ಬದಲಾಯಿಸಿ’ ಎನ್ನುವವರೇ ಹೆಚ್ಚು. ನಮ್ಮ ಅಪ್ಪನ ಆರ್‌ಎಕ್ಸ್ 100ಕ್ಕೂ ಇದೇ ಮಾತು ಬಂತು. ಅಪ್ಪ ಈಗಿಲ್ಲ. ಅವರು ಓಡಿಸಿದ ಇಂಜಿನ್ನಿನ ಹೆಡ್ಡನ್ನು ಗುಜರಿಗೆ ಹಾಕಲು ನಮಗೆ ಅಣ್ಣತಮ್ಮಂದಿರಿಗೆ ಮನಸ್ಸಾಗಲಿಲ್ಲ.

ಹೆಡ್ ಅಲ್ಯೂಮಿನಿಯಂ, ಪ್ಲಗ್ ಉಕ್ಕು. ಓರೆಯಾಗಿ ಕೂತ ಪ್ಲಗ್ಗನ್ನು ಸ್ಪ್ಯಾನರ್ ಹಾಕಿ ಒತ್ತಾಯಿಸಿದರೆ ಸೋಲುವುದು ಹೆಡ್ಡೇ. ಅದನ್ನು ಬಿಚ್ಚಿ ಕಾಸರಗೋಡಿನ ಒಂದು ಲೇತ್ ಅಂಗಡಿಗೆ ಒಯ್ದೆವು. ಅಲ್ಲಿಯವರು ತೂತನ್ನು ತುಸು ದೊಡ್ಡದು ಮಾಡಿ, ಟ್ಯಾಪಿನಿಂದ ಹೊಸ ಥ್ರೆಡ್ ಕೊರೆದು, ಸ್ಪ್ರಿಂಗಿನಂಥ ಉಕ್ಕಿನ ಸುರುಳಿ ಕೂರಿಸಿದರು. ಸುರುಳಿಯ ಒಳಗೆ ಮತ್ತೆ ಮೊದಲಿನ 14 ಮಿ.ಮೀ. ಅಳತೆಯೇ. ಅದು ಪಿಸ್ಟನ್ ಕಡೆಗೆ ಚಾಚಿಲ್ಲವೆಂದು ನೋಡಿ, ಲೋಹದ ಒಂದು ಚೂರೂ ಉಳಿಯದಂತೆ ತೊಳೆದು, ಹೊಸ ಗ್ಯಾಸ್ಕೆಟ್ ಇಟ್ಟು ಜೋಡಿಸಿದೆವು. ಕಿಕ್ ಹೊಡೆದಾಗ ಬಂದ ಸದ್ದಿಗೆ ಅಮ್ಮ ಅಡುಗೆಮನೆಯಿಂದ ಅಂಗಳಕ್ಕೇ ಬಂದುಬಿಟ್ಟರು.

ನೀವೂ ನೆನಪಿಡಿ: ಇಂಜಿನ್ ತಣ್ಣಗಾದ ಮೇಲೆಯೇ ಪ್ಲಗ್ ಬಿಚ್ಚಿ. ಹಾಕುವಾಗ ಕೊನೆಯವರೆಗೂ ಬೆರಳಲ್ಲೇ ತಿರುಗಿಸಿ. ಪ್ಲಗ್ ಹೊಸದಾದರೆ ಆಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು ಸಾಕು. ಬೆರಳಿಗೆ ಬಗ್ಗದಿದ್ದರೆ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ನೇರವಾಗಿ ಹಿಡಿಯಿರಿ.