ಆಫ್ ಮಾಡುವ ಮುನ್ನ

ಕಂಪ್ಯೂಟರ್ ಹ್ಯಾಂಗ್ ಆದರೆ ಎಲ್ಲರ ಕೈ ಮೊದಲು ಹೋಗುವುದು ಪವರ್ ಬಟನ್ನಿಗೆ. ನನಗೆ ಅದನ್ನು ಕಂಡರೆ ಸಂಕಟ. ರೀಸ್ಟಾರ್ಟ್ ಮಾಡಿದರೆ ತೊಂದರೆ ಎಷ್ಟೋ ಸಲ ಹೋಗುತ್ತದೆ, ನಿಜ. ಆ ಗಳಿಗೆಯ ಗುರುತುಗಳೂ ಅದರ ಜೊತೆಗೇ ಹೋಗುತ್ತವೆ. ಮುಂದಿನ ವಾರ ಅದೇ ತೊಂದರೆ ಮತ್ತೆ ಹಾಜರು. ಕೆಟ್ಟಿರುವಾಗಲೇ ಯಂತ್ರವನ್ನು ಮಾತಾಡಿಸಬೇಕು. ಆ ಹೊತ್ತು ನನಗೆ ಬಲು ಇಷ್ಟ.

ಪಕ್ಕದ ಮನೆಯ ಮೇಷ್ಟ್ರ ಡೆಸ್ಕ್‌ಟಾಪ್‌ನಲ್ಲಿ ಟಾಸ್ಕ್‌ಬಾರ್ ಒಮ್ಮೆ ಓಗೊಟ್ಟರೆ ಇನ್ನೊಮ್ಮೆ ಸುಮ್ಮನಿರುತ್ತಿತ್ತು. ಬ್ರೌಸರ್ ಐಕಾನ್ ಒತ್ತಿದರೆ ಚಕ್ರ ಒಂದಿಷ್ಟು ತಿರುಗಿ ನಿಲ್ಲುತ್ತಿತ್ತು, ಅಷ್ಟೇ.

“ಆಫ್ ಮಾಡಿ ಆನ್ ಮಾಡ್ಲೇನಪ್ಪ?”

“ಸ್ವಲ್ಪ ತಾಳಿ ಮೇಷ್ಟ್ರೇ. ಇದು ಒಂದೇ ಕಾಯಿಲೆಯೋ ಎರಡೋ ನೋಡೋಣ.”

ಹೀಗೆ ಬಿಡಿಸಿ ನೋಡುವುದರಲ್ಲೇ ಸುಖವಿರುವುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಅಲ್ಲಿಂದಲೇ ಬ್ರೌಸರ್ ಹೆಸರು ಬರೆದು ಓಡಿಸಿದರೂ ಏನೂ ತೆರೆಯಲಿಲ್ಲ. ಅಲ್ಲಿಗೆ ಐಕಾನ್ ನಿರಪರಾಧಿ. ಪಟ್ಟಿಯನ್ನು ಕೆಳಕ್ಕೆ ಸರಿಸಿದರೆ, ಮುಚ್ಚಿದ್ದ ಬ್ರೌಸರ್ ತೆರೆಮರೆಯಲ್ಲಿ ಇನ್ನೂ ಜೀವ ಹಿಡಿದು ಕೂತಿತ್ತು. ಎರಡು ಬ್ರೌಸರ್ ಒಂದೇ ಪ್ರೊಫೈಲಿಗೆ ಬರೆದು ಕೆಡಿಸದಿರಲೆಂದು, ಮೊದಲು ಬಂದದ್ದು ಅದಕ್ಕೆ ಬೀಗ ಹಾಕಿಕೊಳ್ಳುತ್ತದೆ. ಬುಕ್‌ಮಾರ್ಕು, ಪಾಸ್‌ವರ್ಡುಗಳನ್ನು ಕಾಯುವ ಈ ಎಚ್ಚರ ಕಂಡರೆ ನನಗೆ ಗೌರವ. ಎಂಡ್ ಟಾಸ್ಕ್ ಕೊಟ್ಟೆ, ಬ್ರೌಸರ್ ತೆರೆಯಿತು.

ಟಾಸ್ಕ್‌ಬಾರಿನ ಕಥೆ ಇನ್ನೂ ಸ್ವಾರಸ್ಯದ್ದು. 1995ರಲ್ಲಿ ವಿಂಡೋಸ್ 95ರೊಂದಿಗೆ ಬಂದ ಈ ಪಟ್ಟಿಯನ್ನು ನಡೆಸುವುದು ಎಕ್ಸ್‌ಪ್ಲೋರರ್. ಫೋಲ್ಡರ್ ತೋರಿಸುವುದೂ ಅದೇ. ರೈಟ್ ಕ್ಲಿಕ್ ಮೆನುವಿಗೆ ತಮ್ಮದೊಂದು ಸಾಲು ಸೇರಿಸುವ ಹೊರಗಿನ ತಂತ್ರಾಂಶಗಳ ತುಣುಕುಗಳೂ ಅದರ ಹೊಟ್ಟೆಯೊಳಗೇ ಓಡುತ್ತವೆ. ಒಂದು ಎಡವಿದರೆ ಟಾಸ್ಕ್‌ಬಾರೂ ಬಿದ್ದೀತು. ಇವೆಂಟ್ ವ್ಯೂವರ್ ತೆರೆದು 1000 ಸಂಖ್ಯೆಯ ದೋಷಗಳನ್ನು ಹುಡುಕಿದೆ. ಯಾವ ಮಾಡ್ಯೂಲ್ ಎಡವಿತೆಂದು ಅವುಗಳಲ್ಲಿ ನಮೂದಾಗಿರುತ್ತದೆ. ಎಲ್ಲದರಲ್ಲೂ ಒಂದೇ ಹೆಸರು. ಮೇಷ್ಟ್ರು ಎಂದೋ ಹಾಕಿಸಿ ಮರೆತಿದ್ದ, ಜಿಪ್ ಫೈಲ್ ಬಿಚ್ಚುವ ತಂತ್ರಾಂಶವೊಂದರದು.

ಅದನ್ನು ತೆಗೆದುಹಾಕಿ, ಎಕ್ಸ್‌ಪ್ಲೋರರ್ ಒಂದನ್ನೇ ರೀಸ್ಟಾರ್ಟ್ ಮಾಡಿದೆ. ಟಾಸ್ಕ್‌ಬಾರ್ ಮಾಯವಾಗಿ ಮರಳಿತು. ಮೇಷ್ಟ್ರು ಟೈಪ್ ಮಾಡುತ್ತಿದ್ದ ಪತ್ರ ಅಲುಗಲಿಲ್ಲ. ಹೊಸದಾಗಿ ಹುಟ್ಟಿದ ಟಾಸ್ಕ್‌ಬಾರ್ ತಾನು ಬಂದೆನೆಂದು ಓಡುತ್ತಿರುವ ತಂತ್ರಾಂಶಗಳಿಗೆಲ್ಲ ಸಾರುತ್ತದೆ. ಕೇಳಿಸಿಕೊಂಡವು ಗಡಿಯಾರದ ಪಕ್ಕ ತಮ್ಮ ಐಕಾನನ್ನು ಮತ್ತೆ ಕೂರಿಸುತ್ತವೆ. ಅವು ಒಂದೊಂದಾಗಿ ಬಂದು ಕೂರುವುದನ್ನು ನೋಡಲು ನನಗೆ ಇಂದಿಗೂ ಬೇಸರವಿಲ್ಲ. ಆ ಕರೆಗೆ ಕಿವಿಗೊಡದ ಹಳೆಯ ತಂತ್ರಾಂಶಗಳನ್ನು ಮಾತ್ರ ನಾವೇ ಮುಚ್ಚಿ ತೆರೆಯಬೇಕು. ಮೇಷ್ಟ್ರ ಪ್ರಿಂಟರಿನದು ಹಾಗೆ ಉಳಿದಿತ್ತು. ಅದನ್ನೂ ಎಬ್ಬಿಸಿ ಬಂದೆ.