ಹೊಸ್ತಿಲ ಮೇಲೆ ಕಾಳಿ

ಸಯನ್ ಪಶ್ಚಿಮದ ಆ ಹಳೆಯ ಕಟ್ಟಡ ಖಾಲಿಯಾಗುವ ಹೊತ್ತಿಗೆ ಮೆಟ್ಟಿಲ ಬುಡದ ಸೂಚನಾಫಲಕಕ್ಕೆ ಒಂದು ಪಟ್ಟಿ ಅಂಟಿಸಿದ್ದರು. ಹದಿನೆಂಟು ಮನೆಗಳು, ಪ್ರತಿ ಮನೆಯ ಎದುರು ಹೊಸ ವಿಳಾಸ. ಕಟ್ಟಡ ಕೆಡವಿ ಹೊಸದು ಏಳುವ ಮೂರು ವರ್ಷ ಬಿಲ್ಡರ್ ಬಾಡಿಗೆ ಕೊಡುತ್ತಾನೆ. ಅಲ್ಲಿಯವರೆಗೆ ಯಾರು ಎಲ್ಲಿರುತ್ತಾರೆ, ಟಪಾಲು ಬಂದರೆ ಎಲ್ಲಿಗೆ ಕಳಿಸಬೇಕು ಎಂಬ ಲೆಕ್ಕ. ಚೆಂಬೂರು, ವಡಾಲಾ, ಡೊಂಬಿವಲಿ, ಒಬ್ಬರು ಪುಣೆ. ವಾಚ್‌ಮನ್ ಕೂಡ ಕೊನೆಯ ಸಾಲಿನಲ್ಲಿ ತನ್ನ ಊರಿನ ಹೆಸರು ಬರೆಸಿದ್ದ: ಜೌನ್‌ಪುರ. ಪಟ್ಟಿಯಲ್ಲಿ ಇಲ್ಲದ ಜೀವ ಒಂದೇ. ಅದು ಫಲಕದ ಕೆಳಗೇ ಮಲಗಿತ್ತು.

ಕಪ್ಪು ಬಣ್ಣದ ಹೆಣ್ಣುನಾಯಿ. ಮೂತಿ ಬೆಳ್ಳಗಾಗಿತ್ತು, ಒಂದು ಕಿವಿಯ ತುದಿ ಕತ್ತರಿಸಿತ್ತು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ ಎಂಬುದಕ್ಕೆ ಅದು ಗುರುತು. ವಯಸ್ಸು ಹನ್ನೊಂದು. ಈ ಲೆಕ್ಕ ವಾಚ್‌ಮನ್‌ನದು: ಅವನ ಎರಡನೆಯ ಮಗಳು ಹುಟ್ಟಿದ ಮಳೆಗಾಲದಲ್ಲಿ ಮರಿ ಗೇಟಿನೊಳಗೆ ಬಂದಿತ್ತಂತೆ. ಅವನು ಅದನ್ನು ‘ಕಾಲಿ’ ಎಂದು ಕರೆಯುತ್ತಿದ್ದ. ಮೀನು ಮಾರಲು ಬರುವ ಮರಾಠಿ ಹೆಂಗಸು ‘ಕಾಳೀ’ ಎನ್ನುತ್ತಿದ್ದಳು. ಎರಡನೆಯ ಮಹಡಿಯ ಕನ್ನಡದ ಟೀಚರ್‌ಗೂ ಅದು ಕಾಳಿಯೇ. ಮರಾಠಿಗೂ ಕನ್ನಡಕ್ಕೂ ಳಕಾರ ಸಲೀಸು, ಹಿಂದಿಯ ನಾಲಿಗೆಗೆ ಅಲ್ಲ. ನಾಯಿ ಎರಡಕ್ಕೂ ಬಾಲ ಆಡಿಸುತ್ತಿತ್ತು. ಆಮೇಲೆ ಒಂದು ವರ್ಷದಿಂದ ಯಾವುದಕ್ಕೂ ಆಡಿಸುತ್ತಿರಲಿಲ್ಲ. ಕೊಬ್ಬಿದೆ ಎಂದರು ಕೆಲವರು. ಕಿವಿ ಹೋಗಿತ್ತು.

ಟೀಚರ್ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಊರು ಕುಂದಾಪುರದ ಕಡೆ. ಗಂಡ ತೀರಿಕೊಂಡು ಆರು ವರ್ಷ, ಮಗ ಬೆಂಗಳೂರಿನಲ್ಲಿ. ಅವರು ನಾಯಿಪ್ರೇಮಿಯೇನಲ್ಲ. ರಾತ್ರಿ ಉಳಿದ ಚಪಾತಿಯನ್ನು ಹಾಲಿನಲ್ಲಿ ಅದ್ದಿ ಕೆಳಗೆ ಇಡುತ್ತಿದ್ದರು, ಅಷ್ಟೆ. ‘ಅದಕ್ಕೆ ಹಾಕಿದೆ’ ಎನ್ನುತ್ತಿದ್ದರು. ಕನ್ನಡದಲ್ಲಿ ನಾಯಿ ನಪುಂಸಕಲಿಂಗವಲ್ಲವೇ?

*

ಸಯನ್ ಎಂಬುದು ಮರಾಠಿಯ ‘ಶೀವ್’ ಎಂಬ ಮಾತನ್ನು ಪೋರ್ಚುಗೀಸರೂ ಇಂಗ್ಲಿಷರೂ ಉಚ್ಚರಿಸಿದ ರೀತಿ. ಶೀವ್ ಎಂದರೆ ಎಲ್ಲೆ, ಗಡಿ. ಒಂದು ಕಾಲಕ್ಕೆ ಮುಂಬೈ ದ್ವೀಪ ಇಲ್ಲಿ ಮುಗಿದು ಆಚೆ ಸಾಲ್ಸೆಟ್ ಶುರುವಾಗುತ್ತಿತ್ತು. ಗುಡ್ಡದ ಮೇಲಿನ ಸಯನ್ ಕೋಟೆ ಆ ಗಡಿಯನ್ನು ಕಾಯಲು ಹದಿನೇಳನೆಯ ಶತಮಾನದಲ್ಲಿ ಕಟ್ಟಿದ್ದು. ಈಗ ಅದು ಯಾವುದರ ಗಡಿಯೂ ಅಲ್ಲ. ಆದರೆ ನಾಯಿಗಳಿಗೆ ಗಡಿ ಇವೆ. ಈ ಗೇಟಿನಿಂದ ಆ ಗುಲ್‌ಮೊಹರ್ ಮರದವರೆಗೆ ಕಾಳಿಯದು, ಮರದಾಚೆ ಬೇರೆಯವರದು.

ಕಾನೂನೂ ಇದನ್ನು ಒಪ್ಪುತ್ತದೆ. 2001ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು, ಅವುಗಳ ಜಾಗಕ್ಕೆ ಬಂದ 2023ರ ನಿಯಮಗಳು, ಎರಡೂ ಹೇಳುವುದು ಒಂದೇ: ಬೀದಿನಾಯಿಯನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ಅಂದರೆ ಬೀದಿನಾಯಿಗೆ ಒಡೆಯ ಇಲ್ಲದಿರಬಹುದು, ಜಾಗ ಇದೆ. 1994ರವರೆಗೂ ಮುಂಬೈ ಪಾಲಿಕೆ ಬೀದಿನಾಯಿಗಳನ್ನು ಹಿಡಿದು ಕೊಲ್ಲುತ್ತಿತ್ತು. ಬೀದಿಯಲ್ಲೇ ಹಲ್ಲು ಸವೆದು ಮುದಿಯಾಗುವ ಅವಕಾಶ ನಾಯಿಗಳಿಗೆ ಸಿಕ್ಕಿದ್ದು ಅದಾದ ಮೇಲೆ.

ಆದರೆ ಜಾಗವೇ ಹೋದರೆ? ಸಯನ್, ಮಾಟುಂಗ, ವಡಾಲಾಗಳಲ್ಲಿ ಹಳೆಯ ಕಟ್ಟಡಗಳು ಒಂದೊಂದಾಗಿ ಹಸಿರು ಪರದೆ ಹೊದ್ದುಕೊಳ್ಳುತ್ತಿವೆ. ಮನೆಯವರಿಗೆ ಒಪ್ಪಂದ ಉಂಟು, ಬಾಡಿಗೆ ಉಂಟು, ಮರಳಿ ಬರುವಾಗ ಒಂದಿಷ್ಟು ಚದರಡಿ ಹೆಚ್ಚು ಉಂಟು. ಕಟ್ಟಡದ ನಾಯಿಗೆ ಇಲ್ಲ. ಎಳೆಯದಾದರೆ ಪಕ್ಕದ ಗಲ್ಲಿಯಲ್ಲಿ ಕಚ್ಚಾಡಿ ಜಾಗ ಮಾಡಿಕೊಂಡೀತು. ಮುದಿಯಾದದ್ದು ಸೋಲುತ್ತದೆ. ಸಾಕಿದ ನಾಯಿಗಳ ಗತಿಯೂ ಕೆಲವೊಮ್ಮೆ ಇದೇ. ಬಾಡಿಗೆ ಮನೆಯವರು ಒಪ್ಪಲಿಲ್ಲವೆಂದು ಹತ್ತು ವರ್ಷದ ಲ್ಯಾಬ್ರಡಾರನ್ನು ರಿಕ್ಷಾದಲ್ಲಿ ಕರೆದೊಯ್ದು ಎಲ್ಲೋ ಇಳಿಸಿ ಬರುವವರಿದ್ದಾರೆ. ಹೀಗೆ ಹಸಿವು ಬಾಯಾರಿಕೆಗೆ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲದ ದಂಡ ಹತ್ತು ರೂಪಾಯಿಯಿಂದ ಐವತ್ತು. ಎರಡು ವಡಾಪಾವ್, ಒಂದು ಕಟಿಂಗ್ ಚಹಾ.

*

ಸ್ವಯಂಸೇವಕಿ ಒಬ್ಬಳು ಬಂದು ಕಾಳಿಯ ಫೋಟೋ ತೆಗೆದುಕೊಂಡು ಹೋದಳು. ಕಾಲೇಜು ಮುಗಿಸಿ ಎರಡು ವರ್ಷವೂ ಆಗಿರದ ಹುಡುಗಿ. ದತ್ತು ಪಡೆಯುವವರು ಸಿಗುವವರೆಗೆ ಎರಡೇ ವಾರ ಇಟ್ಟುಕೊಳ್ಳಿ, ಇದಕ್ಕೆ ‘ಫಾಸ್ಟರ್’ ಎನ್ನುತ್ತಾರೆ, ಔಷಧಿಯ ಖರ್ಚು ನಮ್ಮದು ಎಂದಳು. ಟೀಚರ್ ಒಪ್ಪಿದರು. ಎರಡು ವಾರ ಎಂಬುದು ಒಪ್ಪಬಹುದಾದ ಮಾತು.

ಆಗ 2024ರ ಆಗಸ್ಟ್. ಸಯನ್ ಸ್ಟೇಷನ್ನಿನ ಬಳಿಯ ನೂರು ವರ್ಷ ದಾಟಿದ ಮೇಲ್ಸೇತುವೆಯನ್ನು ಕೆಡವಲೆಂದು ಒಂದನೇ ತಾರೀಖಿನಿಂದ ಮುಚ್ಚಿದ್ದರು. ಪೂರ್ವದಿಂದ ಪಶ್ಚಿಮಕ್ಕೆ ಬರಲು ಜನ ಸುತ್ತು ಹೊಡೆಯುತ್ತಿದ್ದರು. ಅಷ್ಟರಲ್ಲಿ ಟೀಚರ್‌ಗೂ ಮನೆ ಸಿಗಬೇಕು. ಮನೆ ತೋರಿಸುವ ಏಜೆಂಟ್ ಮೊದಲು ಸಸ್ಯಾಹಾರವೋ ಮಾಂಸಾಹಾರವೋ ಎಂದು ಕೇಳುತ್ತಿದ್ದ, ಆಮೇಲೆ ಎಷ್ಟು ಜನ ಎಂದು. ‘ಒಬ್ಬಳೇ, ಜೊತೆಗೆ ಒಂದು ನಾಯಿ, ಎರಡು ವಾರಕ್ಕೆ’ ಎಂದರೆ ಫೋನ್ ಇಡುತ್ತಿದ್ದ. ಹೀಗೆ ಐದು ಮನೆ ತಪ್ಪಿದವು. ಆರನೆಯದು ಹಳೆಯ ಗಲ್ಲಿಯಿಂದ ಹತ್ತು ನಿಮಿಷದ ದಾರಿ, ರಸ್ತೆಗೆ ಮುಖ ಮಾಡಿದ ನೆಲಮಹಡಿ. ಮಳೆ ಜೋರಾದರೆ ಅಂಗಳಕ್ಕೆ ನೀರು ಬರುವ ಮನೆ.

ಎರಡು ವಾರ ಆರು ವಾರವಾಯಿತು. ಅದೇ ದಿನಗಳಲ್ಲಿ ಹುಡುಗಿ ಹಾಕಿದ್ದ ನಾಲ್ಕು ಮರಿಗಳ ಫೋಟೋಗೆ ಕೇಳಿದವರು ಅನೇಕರು. ಕಾಳಿಯ ಫೋಟೋಗೆ ‘ಅಯ್ಯೋ ಪಾಪ’ಗಳು ಬಂದವು, ಕೇಳಿದವರು ಬರಲಿಲ್ಲ. ಮುದಿ, ಕಪ್ಪು, ಹೆಣ್ಣು, ಬೀದಿಯದು. ಹುಡುಗಿಯ ಅನುಭವದಲ್ಲಿ ಈ ನಾಲ್ಕೂ ಒಂದೇ ನಾಯಿಯಲ್ಲಿ ಸೇರಿದರೆ ಫೋನ್ ಬರುವುದಿಲ್ಲ. ಹೀಗೆ ತಾತ್ಕಾಲಿಕವಾಗಿ ಬಂದ ನಾಯಿ ಅಲ್ಲೇ ಉಳಿದುಬಿಟ್ಟರೆ ಅದಕ್ಕೊಂದು ಹೆಸರಿದೆಯಂತೆ, ‘ಫಾಸ್ಟರ್ ಫೇಲ್’. ಮೂವತ್ತು ವರ್ಷ ಮಕ್ಕಳನ್ನು ಫೇಲ್ ಪಾಸ್ ಮಾಡಿದ್ದ ಟೀಚರ್‌ಗೆ ಆ ಮಾತು ಕೇಳಿ ನಗು ಬಂತು. ಕನ್ನಡದಲ್ಲಿ ಇದಕ್ಕೆ ಏನೆನ್ನುತ್ತೀರಿ ಎಂದು ಹುಡುಗಿ ಕೇಳಿದಳು. ‘ಸಾಕುವುದು’ ಎಂದರು. ಸಾಕು ಎಂದರೆ ಪೋಷಿಸು, ಸಾಕು ಎಂದರೆ ಇಷ್ಟು ಸಾಲುತ್ತದೆ, ಸಾಕು ಎಂದರೆ ಇನ್ನು ಬೇಡ. ಮೂರರಲ್ಲಿ ಯಾವುದು ಎಂಬುದು ಹೇಳುವ ಧ್ವನಿಯ ಮೇಲೆ ಹೋಗುತ್ತದೆ.

*

ಇನ್ನು ಬೇಡ ಅನ್ನಿಸಿದ ರಾತ್ರಿಗಳು ಇದ್ದವು.

ಕುಂದಾಪುರದ ಮನೆಯಲ್ಲಿ ನಾಯಿಯ ಜಾಗ ಅಂಗಳ. ಚಾವಡಿಯ ಮೆಟ್ಟಿಲವರೆಗೆ ಬರಬಹುದು, ಹೊಸ್ತಿಲು ದಾಟಿದರೆ ಅಜ್ಜಿ ಹಿಡಿಸೂಡಿ ಎತ್ತುತ್ತಿದ್ದರು. ಅದು ಕ್ರೌರ್ಯವೆಂದು ಯಾರಿಗೂ ಅನ್ನಿಸಿರಲಿಲ್ಲ. ಅಂಗಳ ದೊಡ್ಡದಿತ್ತು. ಮುಂಬೈಯ ಫ್ಲಾಟಿನಲ್ಲಿ ಅಂಗಳವಿಲ್ಲ. ನಾಯಿ ಹೊಸ್ತಿಲೊಳಗೆ ಇರಬೇಕು, ಇಲ್ಲವೇ ಎಲ್ಲೂ ಇಲ್ಲ.

ವಿಚಿತ್ರವೆಂದರೆ ಕಾಳಿಗೂ ಒಳಗೆ ಬರುವ ಮನಸ್ಸಿರಲಿಲ್ಲ. ಹನ್ನೊಂದು ವರ್ಷ ಆಕಾಶದ ಕೆಳಗೆ ಮಲಗಿದ ಜೀವಕ್ಕೆ ಫ್ಯಾನ್ ಏನೆಂದು ಗೊತ್ತಿಲ್ಲ, ಕನ್ನಡಿ ಗೊತ್ತಿಲ್ಲ, ಟೈಲ್ಸ್ ಮೇಲೆ ಕಾಲು ನಿಲ್ಲುವುದಿಲ್ಲ. ಮೊದಲ ಮೂರು ದಿನ ಬಾಗಿಲಿಗೆ ಮೂತಿ ಚಾಚಿ ಕುಳಿತಿತ್ತು. ಒಳಗೆ ಮೂತ್ರ ಮಾಡಲಾರದೆ ಹದಿನಾಲ್ಕು ಗಂಟೆ ತಡೆದುಕೊಂಡಿತು. ರಾತ್ರಿ ಎರಡಕ್ಕೆ ಎದ್ದು ಗೋಡೆಗುಂಟ ನಡೆಯಿತು, ಮೂಲೆಗೆ ಹೋಗಿ ಹಿಂದೆ ಬರಲು ತಿಳಿಯದೆ ಅಳತೊಡಗಿತು. ಮೇಲಿನ ಮನೆಯವರು ಬಾಗಿಲು ಬಡಿದರು. ಸ್ವತಂತ್ರವಾಗಿದ್ದ ಪ್ರಾಣಿಯನ್ನು ತಂದು ಸೆರೆಯಲ್ಲಿ ಇಟ್ಟೆನೇ ಎಂದು ಟೀಚರ್ ಆ ರಾತ್ರಿ ಯೋಚಿಸಿದರು. ಯೋಚನೆ ತಪ್ಪೇನಲ್ಲ. ಮುದಿ ಬೀದಿನಾಯಿಗಳನ್ನು ಮನೆಯೊಳಗೆ ತರುವವರೆಲ್ಲ ಇದನ್ನು ಕೇಳಿಕೊಳ್ಳಬೇಕಾಗುತ್ತದೆ, ಮತ್ತು ಉತ್ತರ ಯಾವಾಗಲೂ ನಮ್ಮ ಪರವಾಗಿ ಇರುವುದಿಲ್ಲ.

ವೈದ್ಯರು ಹೇಳಿದ್ದು ಇಷ್ಟು. ಕಣ್ಣಿನ ನೀಲಿ ಮಬ್ಬು ಪೊರೆಯಲ್ಲ, ವಯಸ್ಸಿಗೆ ಮಸೂರ ಗಟ್ಟಿಯಾಗುವುದು, ದೃಷ್ಟಿ ಬಹುಪಾಲು ಇದೆ. ಹಿಂಗಾಲಿನ ಸಂಧಿಗಳು ಸವೆದಿವೆ. ರಾತ್ರಿ ತಿರುಗುವುದು ಮೂಲೆಯಲ್ಲಿ ಸಿಕ್ಕಿಹಾಕಿಕೊಳ್ಳುವುದು ಮನುಷ್ಯರ ಮರೆವಿನ ಕಾಯಿಲೆಗೆ ಹತ್ತಿರದ್ದು, ನಾಯಿಗಳಿಗೂ ಬರುತ್ತದೆ. ನೋವಿಗೆಂದು ಮನೆಯಲ್ಲಿರುವ ನಮ್ಮ ಮಾತ್ರೆ ಕೊಡಬೇಡಿ, ಐಬುಪ್ರೊಫೆನ್‌ನಂಥವು ನಾಯಿಗೆ ವಿಷ. ಮೂಗು ಮಾತ್ರ ಕೊನೆಯವರೆಗೂ ಕೆಲಸ ಮಾಡುತ್ತದೆ, ಅದನ್ನು ಬಳಸಿಕೊಳ್ಳಿ.

ಟೀಚರ್ ಬಳಸಿಕೊಂಡರು. ಹಾಸಿಗೆಯಿಂದ ಬಾಗಿಲವರೆಗೆ ಹಳೆಯ ಗೋಣಿ ಮತ್ತು ರಬ್ಬರ್ ಚಾಪೆಗಳ ದಾರಿ ಹಾಸಿದರು. ಹಳೆಯ ಕಟ್ಟಡ ಕೆಡವುವ ಮೊದಲು ಹೋಗಿ, ಕಾಳಿ ಮಲಗುತ್ತಿದ್ದ ಕಾಲೊರಸು ಗೋಣಿಯನ್ನು ಒಗೆಯದೆ ತಂದು ಹೊಸ ಮನೆಯ ಹೊಸ್ತಿಲಿಗೆ ಹಾಕಿದರು. ಹಗಲೆಲ್ಲ ಬಾಗಿಲು ತೆರೆದು ಗ್ರಿಲ್ ಮಾತ್ರ ಹಾಕಿದರು. ನಾಯಿ ಗೋಣಿ ಮೂಸಿ, ಮೂರು ಸುತ್ತು ತಿರುಗಿ, ಅರ್ಧ ಒಳಗೆ ಅರ್ಧ ಹೊರಗೆ ಮಲಗಿತು. ಅಜ್ಜಿಯ ಕಟ್ಟಳೆಯೂ ಅರ್ಧ ಉಳಿಯಿತು.

ಮಗ ವಿಡಿಯೋ ಕರೆಯಲ್ಲಿ ‘ಅದು ಹೇಗಿದೆ’ ಎಂದ. ‘ಅವಳು ಉಂಡು ಮಲಗಿದಳು’ ಎಂದರು. ವ್ಯಾಕರಣ ಕಲಿಸಿದವರು ಅವರು. ತಪ್ಪಿದ್ದು ಅವರಿಗೆ ಗೊತ್ತಾಗಲಿಲ್ಲ.

*

ಬೇಡವಾದ ನಾಯಿಗಳ ವಿಷಯದಲ್ಲಿ ಮುಂಬೈಗೆ ದೊಡ್ಡ ಚರಿತ್ರೆಯಿದೆ. 1832ರ ಜೂನಿನಲ್ಲಿ, ನಾಯಿಯೊಂದಕ್ಕೆ ಎಂಟಾಣೆಯಂತೆ ಬಹುಮಾನ ಕೊಟ್ಟು ಬೀದಿನಾಯಿಗಳನ್ನು ಕೊಲ್ಲಿಸುತ್ತಿದ್ದ ಕಂಪನಿ ಸರ್ಕಾರದ ವಿರುದ್ಧ ಪಾರ್ಸಿಗಳು ಬೀದಿಗಿಳಿದರು, ಬಜಾರು ಮುಚ್ಚಿತು. ಪಾರ್ಸಿಗಳಿಗೆ ನಾಯಿ ಪವಿತ್ರ. ಸತ್ತವರ ಮುಖವನ್ನು ನಾಯಿಗೆ ತೋರಿಸುವ ‘ಸಗ್‌ದೀದ್’ ಎಂಬ ವಿಧಿ ಅವರಲ್ಲಿದೆ. ಎರಡು ವರ್ಷದ ಮೇಲೆ, 1834ರಲ್ಲಿ, ಜಮ್‌ಶೇಟ್‌ಜಿ ಜೀಜೀಭಾಯ್ ಮತ್ತಿತರರು ಬಾಂಬೆ ಪಾಂಜ್ರಾಪೋಳ್ ಸ್ಥಾಪಿಸಿದರು. ಭುಲೇಶ್ವರದಲ್ಲಿ ಅದು ಇಂದಿಗೂ ಇದೆ. ಪರೇಲಿನ ಬಾಯಿ ಸಾಕರ್‌ಬಾಯಿ ಪ್ರಾಣಿ ಆಸ್ಪತ್ರೆ ಅದೇ ಶತಮಾನದ್ದು, ಮಹಾಲಕ್ಷ್ಮಿಯ ಟಾಟಾ ಆಸ್ಪತ್ರೆ 2024ರದ್ದು.

ಕನ್ನಡದವರಿಗೆ ಇನ್ನೂ ಹಳೆಯ ನೆನಪಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ಮಧ್ಯದಲ್ಲಿ ನಿಲ್ಲಿಸಿದ ವೀರಗಲ್ಲು ಒಂದು ನಾಯಿಯದು. ಯುದ್ಧದಲ್ಲಿ ಮೆರೆದ ಮಣಲೇರ ಬಹುಮಾನವಾಗಿ ಪಡೆದ ಬೇಟೆನಾಯಿ ಅದು. ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ಅದೂ ಒಟ್ಟಿಗೆ ಸತ್ತವು. ಅದರ ಹೆಸರೂ ಕಾಳಿ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆ ಕಾಳಿಗೆ ಕಲ್ಲು ಸಿಕ್ಕಿದ್ದು ಅದು ಕಾದಿ ಸತ್ತಿದ್ದಕ್ಕೆ. ಬೇಟೆಯಾಡಲಾರದೆ, ಕಾಯಲಾರದೆ, ಬೊಗಳಲೂ ಆರದೆ ಮುದಿಯಾಗಿ ಸಾಯುವ ನಾಯಿಗೆ ಕಲ್ಲು ನಿಲ್ಲಿಸುವವರಿಲ್ಲ. ಕೆಲಸವಿರುವವರೆಗೆ ನಾಯಿ, ಆಮೇಲೆ ತೊಂದರೆ. ಆದರೆ ಆತಕೂರಿನ ಶಾಸನದಲ್ಲಿ ಇನ್ನೊಂದು ಮಾತೂ ಇದೆ. ಕಲ್ಲಿಗೆ ಭೂಮಿ ಬಿಟ್ಟು, ಅದನ್ನು ನೋಡಿಕೊಳ್ಳುವ ಗೊರವ ಪೂಜೆ ಮಾಡದೆ ಉಣ್ಣಬಾರದು ಎಂದು ಕಟ್ಟು ಹಾಕಿದ್ದಾರೆ.

ಸಯನ್ನಿನ ಮನೆಯಲ್ಲೂ ಹಾಗೇ ಒಂದು ಕಟ್ಟು ಬಂತು. 2025ರ ಮೇ ಹೊತ್ತಿಗೆ ಕಾಳಿಯ ಮೂತ್ರಪಿಂಡ ಸೋಲತೊಡಗಿತ್ತು. ದಿನ ಬಿಟ್ಟು ದಿನ ಬೆಳಿಗ್ಗೆ ಹೆಗಲಿನ ಸಡಿಲ ಚರ್ಮದಡಿ ಸೂಜಿ ಚುಚ್ಚಿ ಸಲೈನ್ ಕೊಡಬೇಕು. ಬಾಟಲಿಯನ್ನು ಕಿಟಕಿಯ ಸರಳಿಗೆ ತೂಗುಹಾಕುತ್ತಿದ್ದರು. ಒಂಟೆಯ ಡುಬ್ಬದಂತೆ ನೀರು ಉಬ್ಬಿ ಮಧ್ಯಾಹ್ನದ ಹೊತ್ತಿಗೆ ಮುಂಗಾಲಿಗೆ ಇಳಿದು ಮಾಯವಾಗುತ್ತಿತ್ತು. ಮೊದಲ ದಿನ ಕೈ ನಡುಗಿ ಸೂಜಿ ಟೀಚರ್ ಬೆರಳಿಗೇ ಹೊಕ್ಕಿತು. ಆಮೇಲೆ ಅಭ್ಯಾಸವಾಯಿತು. ಅದು ಮುಗಿಯದೆ ಕಾಫಿ ಇಲ್ಲ.

‘ಎಷ್ಟು ದಿನಕ್ಕಾಗಿ ಅಮ್ಮ ಇಷ್ಟೆಲ್ಲ’ ಎಂದ ಮಗ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ‘ದಿನಗಳ ಲೆಕ್ಕ ಇಟ್ಟು ನೋಡಿಕೊಳ್ಳುವುದಾದರೆ ಮುದುಕರನ್ನು ಯಾರೂ ನೋಡಿಕೊಳ್ಳುವುದಿಲ್ಲ’ ಎಂದರು. ಹೇಳಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮುಂದಿನ ತಿಂಗಳು ಅವನು ಬಂದು ಒಂದು ವಾರ ಇದ್ದು ಹೋದ, ಸಲೈನ್ ಹಾಕಲು ಕಲಿತ.

ಆ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಆದೇಶಗಳು ಬಂದವು. 11ರಂದು ದೆಹಲಿಯ ಬೀದಿನಾಯಿಗಳನ್ನೆಲ್ಲ ಶೆಲ್ಟರ್‌ಗೆ ಸೇರಿಸಿ ಎಂದು, 22ರಂದು ತಿದ್ದಿ, ಚಿಕಿತ್ಸೆಯಾದವುಗಳನ್ನು ಅವುಗಳ ಜಾಗದಲ್ಲೇ ಬಿಡಿ ಎಂದು. ಬೇಕಾದವರು ಅರ್ಜಿ ಕೊಟ್ಟು ದತ್ತು ಪಡೆಯಬಹುದು, ಆದರೆ ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಅವರ ಹೊಣೆ ಎಂದೂ ಅದರಲ್ಲಿತ್ತು. ಟೀಚರ್ ಪೇಪರ್ ಓದಿ ಹೊಸ್ತಿಲ ಕಡೆ ನೋಡಿದರು. ಕಾಳಿಯ ಮೂತಿ ಗ್ರಿಲ್ಲಿನಾಚೆ ಬೀದಿಯಲ್ಲಿತ್ತು, ಬಾಲ ಮನೆಯಲ್ಲಿ.

ಅಕ್ಟೋಬರಿನಲ್ಲಿ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಮೀನಿನ ಹೆಂಗಸಿನ ಬುಟ್ಟಿ ಹಾದುಹೋದಾಗಲೂ ಮೂಗು ಎತ್ತಲಿಲ್ಲ. ವೈದ್ಯರು ಮನೆಗೇ ಬಂದರು. ಗೋಣಿಯ ಮೇಲೆಯೇ ಆಯಿತು. ಪಾಲಿಕೆ 2023ರಲ್ಲಿ ಮಲಾಡಿನಲ್ಲಿ ತೆರೆದ ಪ್ರಾಣಿ ಚಿತಾಗಾರಕ್ಕೆ ಹುಡುಗಿಯೂ ಟೀಚರೂ ಟ್ಯಾಕ್ಸಿಯಲ್ಲಿ ಒಯ್ದರು. ಅಲ್ಲಿಯ ಫಾರ್ಮಿನಲ್ಲಿ ಒಡೆಯರ ಹೆಸರಿನ ಜಾಗದಲ್ಲಿ ಟೀಚರ್ ತಮ್ಮ ಹೆಸರು ಬರೆದರು. ಪ್ರಾಣಿಯ ವಿಳಾಸ ಎಂಬಲ್ಲಿ ಹೊಸ ಮನೆಯದನ್ನು ಬರೆದರು.

ವಾಪಸು ಬರುವಾಗ ‘ಇನ್ನು ಸಾಕಮ್ಮ’ ಎಂದರು.

ದೀಪಾವಳಿ ಮುಗಿದ ವಾರ ಹುಡುಗಿ ಫೋನ್ ಮಾಡಿದಳು. ಉಳಿದ ಸಲೈನ್ ಬಾಟಲಿಗಳನ್ನು ಬೇರೆ ನಾಯಿಗೆ ತೆಗೆದುಕೊಂಡು ಹೋಗಬಹುದೇ ಎಂದು ಕೇಳಲು. ಚೆಂಬೂರಿನಲ್ಲಿ ಸಿಕ್ಕಿದ ಗಂಡು ಲ್ಯಾಬ್ರಡಾರ್, ಹನ್ನೆರಡು ಇರಬಹುದು, ಕುತ್ತಿಗೆಯಲ್ಲಿ ಪಟ್ಟಿಯ ಗುರುತಿದೆ, ಪಟ್ಟಿ ಇಲ್ಲ. ಟೀಚರ್ ಬಾಟಲಿಗಳನ್ನು ಎಣಿಸಿದರು, ಏಳಿದ್ದವು.

‘ಬಂದು ತೆಗೆದುಕೊಂಡು ಹೋಗು’ ಎಂದರು. ಆಮೇಲೆ ಕೇಳಿದರು, ‘ಅವನಿಗೆ ಟೈಲ್ಸ್ ಮೇಲೆ ಕಾಲು ನಿಲ್ಲುತ್ತದೆಯೇ?’